ಮೂರು ಗಂಟೆಯ ಪ್ಯಾಕೇಜು

ವೇಮಗಲ್ಲಿನ ಕಾರ್ಖಾನೆಗೆ ಯಾವುದೋ ಮಿಷನ್ನು ನೋಡಲು ಬಂದವಳು,
ಘಿಜ್ಲಾನ್ ಅಂತ ಹೆಸರು. ಮೊರಾಕ್ಕೊ ಅಂದಳು.
ವಿಮಾನಕ್ಕೆ ಇನ್ನೂ ಹೊತ್ತಿದೆ, ಊರು ತೋರಿಸು ಅಂದಳು.
ಮೂರು ಗಂಟೆಗೆ ಸಾವಿರದಿನ್ನೂರು,
ಏಸಿ ಹಾಕಿದರೆ ಸಾವಿರದೈನೂರು.
ಏಸಿ ಬೇಡ, ಕಿಟಕಿ ಇಳಿಸು ಅಂದಳು.
ಅಷ್ಟಕ್ಕೇ ಇಷ್ಟವಾದಳು.

ವೆಂಕಟರೋಣಪ್ಪ ಅವಳ ನಾಲಗೆಗೆ ಹಿಡಿಯಲಿಲ್ಲ.
ರೋಣ ಅಂದಳು.
ನಮ್ಮಮ್ಮ ಕರೆಯುತ್ತಿದ್ದದ್ದೂ ಅಷ್ಟೇ.

ಕೋಲಾರಮ್ಮನನ್ನು ನೇರ ನೋಡಬಾರದು, ಕನ್ನಡಿಯಲ್ಲಿ ನೋಡಬೇಕು ಅಂದೆ.
ನೋಡಿದಳು.
ಮೊದಲು ಕಂಡದ್ದು ಹಿಂದೆ ನಿಂತಿದ್ದ ನನ್ನ ಬೋಳುತಲೆ.
ಚೇಳಮ್ಮನ ಮುಂದೆ ನನಗೆ ಇಂಗ್ಲಿಷು ಕೈಕೊಟ್ಟಿತು;
ಬೆರಳು ಕೊಂಡಿ ಮಾಡಿ ಗಾಳಿಗೆ ಕುಟುಕಿ ತೋರಿಸಿದೆ.
ಹೆದರಲಿಲ್ಲ.
ನಮ್ಮಲ್ಲೂ ಉಂಟು ಅನ್ನುವ ಹಾಗೆ
ತನ್ನ ಬೆರಳನ್ನೂ ಕೊಂಡಿ ಮಾಡಿ
ನನ್ನ ಗಾಳಿಯನ್ನೇ ಕುಟುಕಿದಳು.

ಮಕ್ಬರಾದಲ್ಲಿ ನಾನು ಗೈಡಾಗಲಿಲ್ಲ.
ಕೊರಳ ವಸ್ತ್ರ ತಲೆಗೆಳೆದುಕೊಂಡು ಕೈಯೊಡ್ಡಿ ನಿಂತಳು.
ಏನು ಕೇಳಿದಳೋ.
ನಾನು ಬೇವಿನ ನೆರಳಲ್ಲಿ ಟೈರಿನ ಗಾಳಿ ನೋಡಿದೆ.
ಸರಿಯಾಗಿತ್ತು. ಮತ್ತೊಮ್ಮೆ ನೋಡಿದೆ.

ಟೊಮೊಟೊ ಮಂಡಿ ನನ್ನ ಪ್ಯಾಕೇಜಿನಲ್ಲಿಲ್ಲ,
ದಾರಿಯಲ್ಲಿ ಲಾರಿ ಅಡ್ಡವಾಗಿ ನಿಂತದ್ದಕ್ಕೆ ಸಿಕ್ಕಿದ್ದು.
ಕ್ರೇಟಿನ ಮೇಲೆ ಕ್ರೇಟು, ಕೂಗಿನ ಮೇಲೆ ಕೂಗು.
ನಮ್ಮೂರಾಗಿದ್ದರೆ ಇಷ್ಟೂ ಮೀನಿನ ಡಬ್ಬಿಗೆ ಹೋಗುತ್ತಿತ್ತು ಅಂದಳು.
ಬೆರಳುದ್ದದ ಮೀನು, ಸಾಲಾಗಿ ಮಲಗಿಸಿ, ಮೇಲೆ ಕೆಂಪು ಹುಳಿ.
ನನಗೆ ಗೊತ್ತಿದ್ದ ಮೀನು ಕೆರೆಯ ಜಿಲೇಬಿ ಒಂದೇ.
ಸಿಹಿಯಾ? ಅಂದಳು.
ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಬೆಟ್ಟ ಬಂತು.

ಅಂತರಗಂಗೆ. ಬಸವನ ಬಾಯಿಂದ ನೀರು.
ಎಲ್ಲಿಂದ ಬರುತ್ತೋ ಯಾರಿಗೂ ಗೊತ್ತಿಲ್ಲ—
ಪ್ರತಿ ಗಿರಾಕಿಗೂ ಹೇಳುವ ಮಾತು, ದನಿ ತಗ್ಗಿಸಿ.
ಅವಳು ಬೊಗಸೆಯೊಡ್ಡಿ ಕುಡಿದು
ಉಪ್ಪಿಲ್ಲ ಅಂತ ವರದಿ ಕೊಟ್ಟಳು.
ಕೆಳಗೆ ಯಾರೋ ಬಟ್ಟೆ ಒಗೆಯುತ್ತಿದ್ದರು.
ಸಾಬೂನ್ ಅಂದಳು, ಬೆರಳು ತೋರಿಸಿ.
ಸಾಬೂನು ಅಂದೆ.
ಇಬ್ಬರೂ ಕಳೆದ ಚಾವಿ ಸಿಕ್ಕವರ ಹಾಗೆ
ಆ ಒಂದು ಮಾತನ್ನು ಮೆಟ್ಟಿಲಿಳಿಯುವ ತನಕ
ಅತ್ತಿಂದಿತ್ತ ಎಸೆದಾಡಿದೆವು.

ಬುಡದಲ್ಲಿ ಮುನಿರತ್ನಮ್ಮನ ಟೀ ಅಂಗಡಿ, ಕಲ್ಲು ಬೆಂಚು.
ನಿಮ್ಮೂರು ಹೇಗೆ ಅಂದೆ.
ಫೋನು ಸತ್ತಿತ್ತು.
ಸೂರ್ಯ ಮುಳುಗುವುದು ಯಾವ ಕಡೆ? ತೋರಿಸಿದೆ.
ಆ ಕಡೆಗೆ ಗ್ಲಾಸು ಬಗ್ಗಿಸಿ ಟೀ ಚೆಲ್ಲಿದಳು, ಬೇಕಂತಲೇ.
ಕಡಲು.
ಊರಿನ ಹೆಸರು ಆಸಫಿ.
ಕಡಲೆಕಾಯಿ ಗುಡ್ಡೆ ಕುಂಬಾರರ ಗುಡ್ಡ;
ಹೊಗೆ ಹೀಗೆ ಹೋಗುತ್ತದೆ ಅಂತ ಊದಿ ತೋರಿಸಿದಳು.
ಸಿಪ್ಪೆಗಳು ದೋಣಿ.
ಬೋಂಡ, ಹೊರಗಿನವರು ಕಟ್ಟಿದ ಕೋಟೆ;
ಒಂದು ಗೋಡೆಯನ್ನು ಕಡಲು ತಿಂದಿದೆ ಅಂದವಳು
ಆ ಕಡೆಯಿಂದ ಮುರಿದು ಬಾಯಿಗೆ ಹಾಕಿಕೊಂಡಳು.
ಖಾರಕ್ಕೆ ಕಣ್ಣಲ್ಲಿ ನೀರು.
ಇರಲಿ ಎಂದು ಒಂದು ಸಿಪ್ಪೆಯನ್ನು ದೂರ ತಳ್ಳಿದಳು, ಅಪ್ಪನದಂತೆ.
ಅದರ ಬಗ್ಗೆ ಬೇರೇನೂ ಹೇಳಲಿಲ್ಲ.
ನಾನು ಗೈಡು; ಎಲ್ಲಿ ಕೇಳಬಾರದು ಗೊತ್ತು.

ನಿನ್ನ ಮನೆ?
ಬೆರಳು ಗುಡ್ಡ ದಾಟಿತು, ದೋಣಿ ದಾಟಿತು,
ಬೆಂಚಿನ ಅಂಚಿನಾಚೆ ಗಾಳಿಯಲ್ಲಿ ನಿಂತಿತು.
ಕಲ್ಲು ಸಾಲಲಿಲ್ಲ.

ಏರ್‌ಪೋರ್ಟಿನಲ್ಲಿ ಎಣಿಸಿ ಕೊಟ್ಟಳು, ಸಾವಿರದಿನ್ನೂರು.
ಅವಳ ಟೂರಿಗೆ ನನಗೆ ಬಿದ್ದದ್ದು
ಎರಡು ಟೀ, ಇಪ್ಪತ್ತು ರೂಪಾಯಿ ಕಡಲೆಕಾಯಿ, ಒಂದು ಬೋಂಡ,
ಅದನ್ನೂ ಅವಳೇ ತಿಂದದ್ದು.

ಮುಂದಿನ ಭಾನುವಾರ ಹೊಸೂರಿನ ಸಂಸಾರ, ಐದು ಜನ, ಏಸಿ.
ಅದೇ ಬೆಂಚು. ಹುಡುಗ ಪಡುವಣ ತುದಿಗೆ ಕೂರಲು ಹೋದ.
ಆ ಕಡೆ ಬೇಡಪ್ಪಾ, ಒದ್ದೆ ಐತೆ ಅಂದೆ.
ಒಣಗಿ ವಾರವಾಗಿತ್ತು.
ಮುನಿರತ್ನಮ್ಮ ಬಾಣಲೆಯಿಂದ ತಲೆಯೆತ್ತಿ ನೋಡಿದಳು,
ಬೋಂಡ ತಿರುವಿ ಹಾಕಿದಳು.